ವಿಮಾನ ಮೈಲು ಮತ್ತು ಪ್ರಯಾಣ ಪಾಯಿಂಟು

ವಿಮಾನ ಕಂಪನಿ, ಹೋಟೆಲು ಅಥವಾ ಬ್ಯಾಂಕು ತನ್ನ ಗಿರಾಕಿ ಮತ್ತೆ ತನ್ನ ಬಾಗಿಲಿಗೇ ಬರಲೆಂದು ಅವರ ಖಾತೆಗೆ ಜಮಾ ಮಾಡುವ ಅಂಕಗಳಿಗೆ ಮೈಲು, ಪಾಯಿಂಟು ಎಂಬ ಹೆಸರುಗಳಿವೆ. ಹೆಸರಿನಲ್ಲಿ ಮೈಲು ಇದ್ದರೂ ಅದಕ್ಕೂ ದೂರಕ್ಕೂ ಇದ್ದ ನಂಟು ಈಗ ಬಹುಮಟ್ಟಿಗೆ ಕಡಿದುಹೋಗಿದೆ. ವಿಮಾನ ಹತ್ತದೆಯೂ ಮೈಲು ಸೇರುತ್ತದೆ, ದಿನಸಿ ಅಂಗಡಿಯ ಬಿಲ್ಲಿನಿಂದಲೂ ಸೇರುತ್ತದೆ. ಕೂಡಿಬಿದ್ದದ್ದನ್ನು ಟಿಕೆಟ್ಟಿಗೋ, ಮೇಲಿನ ದರ್ಜೆಯ ಸೀಟಿಗೋ, ಹೋಟೆಲಿನ ಕೋಣೆಗೋ ಕೊಟ್ಟು ಖರ್ಚು ಮಾಡುವುದನ್ನು ಬಳಕೆಯ ಮಾತಿನಲ್ಲಿ ರಿಡೀಮ್ ಮಾಡುವುದು ಎನ್ನುತ್ತಾರೆ. ನೋಡುವುದಕ್ಕೆ ಪಾಯಿಂಟು ಹಣದ ಹಾಗೆಯೇ ಇರುತ್ತದೆ. ಆದರೆ ಅದನ್ನು ಹುಟ್ಟಿಸುವವರು, ಅದಕ್ಕೆ ಬೆಲೆ ಕಟ್ಟುವವರು, ಮನಸ್ಸಾದಾಗ ಆ ಬೆಲೆ ಇಳಿಸುವವರು ಎಲ್ಲರೂ ಒಬ್ಬರೇ. ಪಾಯಿಂಟಿನ ಜಾಣ ಬಳಕೆಯ ಬಗ್ಗೆ ಹೇಳಬೇಕಾದ ಮಾತುಗಳೆಲ್ಲ ಈ ಒಂದು ಸಂಗತಿಯಿಂದ ಹೊರಡುತ್ತವೆ.

ಹುಟ್ಟು ಮತ್ತು ಬೆಳವಣಿಗೆ

ಅಮೆರಿಕದಲ್ಲಿ 1978ರವರೆಗೆ ವಿಮಾನದ ದರವನ್ನೂ ಮಾರ್ಗವನ್ನೂ ಸರ್ಕಾರವೇ ಗೊತ್ತುಮಾಡುತ್ತಿತ್ತು. ಆ ವರ್ಷದ ಕಾನೂನು ಈ ಹಿಡಿತವನ್ನು ತೆಗೆದುಹಾಕಿದ ಮೇಲೆ ಕಂಪನಿಗಳು ಒಂದರ ಗಿರಾಕಿಯನ್ನು ಇನ್ನೊಂದು ಸೆಳೆಯಲು ತೊಡಗಿದವು. ಪದೇ ಪದೇ ಹಾರುವ ವ್ಯಾಪಾರಿಯನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ಎಎಡ್ವಾಂಟೇಜ್ ಎಂಬ ಯೋಜನೆಯ ಮೂಲಕ ಉತ್ತರ ಕೊಟ್ಟಿತು. ಯಾರು ಹೆಚ್ಚು ಹಾರುತ್ತಾರೆಂದು ತಿಳಿಯಲು ಅದು ತನ್ನ ಸೇಬರ್ ಎಂಬ ಬುಕಿಂಗ್ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಕಾಣಿಸುವ ಫೋನ್ ನಂಬರುಗಳನ್ನು ಹೆಕ್ಕಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ತನ್ನದೇ ಯೋಜನೆ ಪ್ರಕಟಿಸಿತು, ಉಳಿದವರೂ ಹಿಂಬಾಲಿಸಿದರು. 1987ರಲ್ಲಿ ಸಿಟಿಬ್ಯಾಂಕಿನ ಜೊತೆ ಅಮೆರಿಕನ್ ತಂದ ಕ್ರೆಡಿಟ್ ಕಾರ್ಡು ಇಡೀ ವ್ಯವಹಾರದ ದಿಕ್ಕನ್ನೇ ತಿರುಗಿಸಿತು. ಅಲ್ಲಿಂದ ಮುಂದೆ ಮೈಲು ಎಂಬುದು ಕಂಪನಿ ಬ್ಯಾಂಕಿಗೆ ಮಾರುವ ಸರಕಾಯಿತು.

ಬೇರೆ ಬೇರೆ ದೇಶಗಳ ಕಂಪನಿಗಳು ಕೂಟ ಕಟ್ಟಿಕೊಂಡದ್ದು ಇದರ ಮುಂದಿನ ಹೆಜ್ಜೆ. ಸ್ಟಾರ್ ಅಲಯನ್ಸ್ 1997ರಲ್ಲಿ, ಒನ್‌ವರ್ಲ್ಡ್ 1999ರಲ್ಲಿ, ಸ್ಕೈಟೀಮ್ 2000ದಲ್ಲಿ ಶುರುವಾದವು. ಒಬ್ಬರ ಬಳಿ ಕೂಡಿಸಿದ ಮೈಲನ್ನು ಆ ಕೂಟದ ಇನ್ನೊಬ್ಬರ ವಿಮಾನದಲ್ಲಿ ಖರ್ಚು ಮಾಡಲು ಇದರಿಂದ ದಾರಿಯಾಯಿತು. ಏರ್ ಇಂಡಿಯಾ 2014ರ ಜುಲೈಯಲ್ಲಿ ಸ್ಟಾರ್ ಅಲಯನ್ಸ್ ಸೇರಿತು. ಬೆಂಗಳೂರಿನ ಪ್ರಯಾಣಿಕರಿಗೆ ಇಲ್ಲೊಂದು ಅನುಕೂಲವಿದೆ. ಲುಫ್ತಾನ್ಸಾ ಮತ್ತು ಸಿಂಗಪುರ ಏರ್‌ಲೈನ್ಸ್, ಬ್ರಿಟಿಷ್ ಏರ್‌ವೇಸ್ ಮತ್ತು ಕತಾರ್, ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಎಲ್ಲವೂ ಕೆಂಪೇಗೌಡ ನಿಲ್ದಾಣಕ್ಕೆ ಬರುವುದರಿಂದ ಮೂರೂ ಕೂಟಗಳ ಬಾಗಿಲು ಊರಿನಲ್ಲೇ ತೆರೆದಿರುತ್ತದೆ.

ಮೊದಲಿಗೆ ಹಾರಿದ ದೂರಕ್ಕೆ ತಕ್ಕಂತೆ ಮೈಲು ಸಿಗುತ್ತಿತ್ತು. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, ಮರುವರ್ಷ ಅಮೆರಿಕನ್, ಕೊಟ್ಟ ದುಡ್ಡಿನ ಮೇಲೆ ಮೈಲು ಕೊಡುವ ಪದ್ಧತಿಗೆ ಬಂದವು. 2024ರಲ್ಲಿ ಏರ್ ಇಂಡಿಯಾ ಕೂಡ ಹಾಗೆಯೇ ಮಾಡಿತು. ಅಗ್ಗದ ಟಿಕೆಟ್ಟಿನಲ್ಲಿ ಅರ್ಧ ಭೂಮಿ ಸುತ್ತಿ ಮೈಲು ಗುಡ್ಡೆ ಹಾಕುವ ಹಳೆಯ ವಿದ್ಯೆ ಅಲ್ಲಿಗೆ ಮುಗಿಯಿತು.

ಆ ಹಳೆಯ ಕಾಲದ ಒಂದು ಪ್ರಸಂಗವನ್ನು ಬಿಡುವಂತಿಲ್ಲ. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಎಂಬ ಎಂಜಿನಿಯರ್ ಒಂದು ತಿಂಡಿ ಕಂಪನಿಯ ಮೈಲು ಕೊಡುಗೆಯ ಕರಾರನ್ನು ಮನಸ್ಸಿಟ್ಟು ಓದಿದರು. ಕೊಡುಗೆ ಎಣಿಸುತ್ತಿದ್ದುದು ಪೊಟ್ಟಣಗಳನ್ನು, ಬೆಲೆಯನ್ನಲ್ಲ ಎಂಬುದು ಅವರಿಗೆ ಹೊಳೆಯಿತು. ಎಲ್ಲಕ್ಕಿಂತ ಅಗ್ಗವಾಗಿದ್ದ ಪುಡಿಂಗ್ ಬಟ್ಟಲುಗಳನ್ನು ಹನ್ನೆರಡು ಸಾವಿರಕ್ಕೂ ಮಿಕ್ಕಿ ಕೊಂಡರು. ಲೇಬಲ್ ಸುಲಿದುಕೊಡುವ ಕೆಲಸಕ್ಕೆ ಬದಲಾಗಿ ತಿಂಡಿಯನ್ನು ಒಂದು ದತ್ತಿ ಸಂಸ್ಥೆಗೆ ಕೊಟ್ಟು, ಸುಮಾರು 3,000 ಡಾಲರ್ ಖರ್ಚಿನಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಮೈಲು ಪಡೆದರು. ಕರಾರನ್ನು ಪೂರ್ತಿ ಓದುವ ಅವರ ಅಭ್ಯಾಸ ಇಂದಿಗೂ ಕೆಲಸಕ್ಕೆ ಬರುವಂಥದು.

ಹಣದ ಮೂಲ

ಪಾಯಿಂಟು ಆಕಾಶದಿಂದ ಉದುರುವುದಿಲ್ಲ. ಕ್ರೆಡಿಟ್ ಕಾರ್ಡು ಉಜ್ಜಿದಾಗಲೆಲ್ಲ ಅಂಗಡಿಯವರು ನೂರಕ್ಕೆ ಒಂದೂವರೆ, ಎರಡು ರೂಪಾಯಿಯಷ್ಟು ಶುಲ್ಕ ತೆರುತ್ತಾರೆ. ಅದರಲ್ಲೊಂದು ಪಾಲಿನಿಂದ ಬ್ಯಾಂಕು ವಿಮಾನ ಕಂಪನಿಯ ಮೈಲನ್ನು ಸಗಟಿನಲ್ಲಿ ಕೊಂಡು ಕಾರ್ಡುದಾರರಿಗೆ ಹಂಚುತ್ತದೆ. ನಮ್ಮಲ್ಲಿ 2020ರ ಜನವರಿಯಿಂದ ಯುಪಿಐಗೆ ಈ ಶುಲ್ಕವೇ ಇಲ್ಲ. ಬ್ಯಾಂಕ್ ಖಾತೆಯಿಂದ ಸ್ಕ್ಯಾನ್ ಮಾಡಿ ತರಕಾರಿ ಕೊಂಡರೆ ಪಾಯಿಂಟು ಬಾರದಿರುವುದಕ್ಕೆ ಕಾರಣ ಇಷ್ಟೇ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶವಾದ ಮೇಲೆ ಅಲ್ಲಿಯೂ ಒಂದಿಷ್ಟು ಪಾಯಿಂಟು ಹುಟ್ಟುತ್ತಿದೆ. ಯುರೋಪಿನ ಒಕ್ಕೂಟ 2015ರಲ್ಲಿ ಬ್ಯಾಂಕುಗಳ ನಡುವಣ ಈ ಶುಲ್ಕಕ್ಕೆ ಕ್ರೆಡಿಟ್ ಕಾರ್ಡಿನಲ್ಲಿ ಶೇ. 0.3ರ ಮಿತಿ ಹಾಕಿತು. ಅಮೆರಿಕದ ಕಾರ್ಡುಗಳು ಕೈತುಂಬ ಕೊಡುವಾಗ ಯುರೋಪಿನವು ಚಿಟಿಕೆಯಷ್ಟು ಕೊಡುವುದಕ್ಕೆ ಇದು ಮುಖ್ಯ ಕಾರಣ. ಶುಲ್ಕದ ಭಾರ ಕೊನೆಗೆ ಸರಕಿನ ಬೆಲೆಯಲ್ಲಿ ಸೇರುವುದರಿಂದ, ಕಾರ್ಡೇ ಇಲ್ಲದೆ ನೋಟು ಎಣಿಸಿ ಕೊಡುವ ಬಡವರೂ ಇನ್ನೊಬ್ಬರ ವಿಮಾನಯಾನಕ್ಕೆ ಒಂದು ಪಾಲು ತೆರುತ್ತಾರೆ. ಈ ಅನ್ಯಾಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು.

ವ್ಯವಹಾರ ಎಷ್ಟು ದೊಡ್ಡದೆಂಬುದು ಕೋವಿಡ್ ಕಾಲದಲ್ಲಿ ಬಯಲಾಯಿತು. ವಿಮಾನಗಳು ನೆಲ ಹಿಡಿದಿದ್ದ 2020ರಲ್ಲಿ ಯುನೈಟೆಡ್ ತನ್ನ ಮೈಲು ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ತಂದಿತು. ಡೆಲ್ಟಾ 900 ಕೋಟಿ ತಂದಿತು. 2024ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಎಂಬ ಕಾರ್ಡು ಕಂಪನಿಯೊಂದರಿಂದಲೇ ಡೆಲ್ಟಾಗೆ 740 ಕೋಟಿ ಡಾಲರ್ ಬಂತು.

ಭಾರತದ ಅನುಭವ

ಬೆಂಗಳೂರಿನ ಯುಬಿ ಸಮೂಹ ಕಟ್ಟಿದ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇಯಲ್ಲಿ ಹಾರಲು ಶುರುಮಾಡಿ 2012ರ ಅಕ್ಟೋಬರಿನಲ್ಲಿ ನಿಂತಿತು. ಅದರ ಕಿಂಗ್ ಕ್ಲಬ್ ಯೋಜನೆಯಲ್ಲಿ ಜನ ವರ್ಷಗಟ್ಟಲೆ ಕೂಡಿಹಾಕಿದ್ದ ಮೈಲುಗಳು ಅದರೊಂದಿಗೇ ನಿಂತುಹೋದವು. ಸಾಲ ಕೊಟ್ಟ ಬ್ಯಾಂಕುಗಳೇ ಕೋರ್ಟು ಕಚೇರಿ ಅಲೆಯುತ್ತಿದ್ದಾಗ ಮೈಲು ಹಿಡಿದ ಪ್ರಯಾಣಿಕರ ಮಾತನ್ನು ಕೇಳುವವರು ಯಾರು? 2019ರ ಏಪ್ರಿಲ್ 17ರಂದು ನಿಂತ ಜೆಟ್ ಏರ್‌ವೇಸಿನ ಕಥೆ ಸ್ವಲ್ಪ ಬೇರೆ. ಅದರ ಜೆಟ್‌ಪ್ರಿವಿಲೇಜ್ ಯೋಜನೆ ಪ್ರತ್ಯೇಕ ಕಂಪನಿಯಾಗಿತ್ತು, ಅದರಲ್ಲಿ ಅಬುಧಾಬಿಯ ಎತಿಹಾದ್‌ಗೆ ಶೇ. 50.1 ಪಾಲಿತ್ತು. ಹಾಗಾಗಿ ವಿಮಾನ ನಿಂತರೂ ಮೈಲುಗಳು ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಬದುಕಿದವು. ಮೂರನೆಯದು ವಿಸ್ತಾರಾ. 2024ರ ನವೆಂಬರ್ 12ರಂದು ಅದು ಏರ್ ಇಂಡಿಯಾದಲ್ಲಿ ಸೇರಿದಾಗ ಕ್ಲಬ್ ವಿಸ್ತಾರಾದ ಪಾಯಿಂಟುಗಳು ಒಂದಕ್ಕೊಂದರಂತೆ ವರ್ಗವಾದವು, ಯೋಜನೆಗೆ ಮಹಾರಾಜ ಕ್ಲಬ್ ಎಂಬ ಹೆಸರು ಬಂತು. ಹದಿನೆಂಟು ವರ್ಷ ಇಂಥ ಯೋಜನೆಯಿಲ್ಲದೆಯೇ ಬೆಳೆದ ಇಂಡಿಗೋ ಅದೇ ವರ್ಷ ಬ್ಲೂಚಿಪ್ ತಂದಿತು.

ಮಂಗಳೂರಿನ ಬಜಪೆಯಿಂದ ಕೊಲ್ಲಿಯ ಊರುಗಳಿಗೆ ಹೋಗಿಬರುವವರಿಗೆ ಈ ಲೋಕದಿಂದ ಸಿಗುವುದು ಕಡಿಮೆ. ಆ ಮಾರ್ಗದಲ್ಲಿ ಅಗ್ಗದ ವಿಮಾನಗಳೇ ಹೆಚ್ಚು, ಅವುಗಳ ಯೋಜನೆಗಳು ತೆಳು. ಅಂಥವರು ಮೈಲಿನ ಹಿಂದೆ ಬೀಳುವ ಬದಲು ಕಡಿಮೆ ದರದ ದಿನ ನೋಡಿ ಟಿಕೆಟ್ ಮಾಡಿಸುವುದೇ ಲೇಸು. ರೈಲನ್ನೇ ನಂಬಿದವರಿಗೆ ಐಆರ್‌ಸಿಟಿಸಿ ಹೆಸರಿನ ಬ್ಯಾಂಕ್ ಕಾರ್ಡುಗಳಿದ್ದು, ಅವುಗಳ ಪಾಯಿಂಟನ್ನು ರೈಲು ಟಿಕೆಟ್ಟಿಗೆ ಬಳಸಬಹುದು.

ಬೆಲೆ ಕಟ್ಟುವ ಲೆಕ್ಕ

ಪಾಯಿಂಟಿನ ಬೆಲೆ ಎಷ್ಟೆಂದು ತಿಳಿಯುವುದು ಬಾಯಿಲೆಕ್ಕದಷ್ಟೇ ಸುಲಭ. ಹಣ ಕೊಟ್ಟರೆ ಟಿಕೆಟ್ಟಿಗೆ ಎಷ್ಟು ಬೀಳುತ್ತದೋ ಅದರಲ್ಲಿ, ಪಾಯಿಂಟಿನ ಟಿಕೆಟ್ಟಿಗೂ ಕಟ್ಟಬೇಕಾದ ತೆರಿಗೆ ಮತ್ತು ಶುಲ್ಕವನ್ನು ಕಳೆಯಬೇಕು. ಉಳಿದದ್ದನ್ನು ಬೇಕಾಗುವ ಪಾಯಿಂಟುಗಳಿಂದ ಭಾಗಿಸಬೇಕು. ಬೆಂಗಳೂರಿನಿಂದ ದೆಹಲಿಗೆ ಟಿಕೆಟ್ಟು 7,000 ರೂಪಾಯಿ, ಪಾಯಿಂಟಿನಲ್ಲಾದರೆ 10,000 ಪಾಯಿಂಟು ಮತ್ತು 1,200 ರೂಪಾಯಿ ಎಂದಿಟ್ಟುಕೊಳ್ಳೋಣ. 7,000ದಲ್ಲಿ 1,200 ಹೋದರೆ 5,800. ಪಾಯಿಂಟಿಗೆ 58 ಪೈಸೆ ಬಿತ್ತು. ಅದೇ ಪಾಯಿಂಟಿಗೆ ಬ್ಯಾಂಕಿನ ಕ್ಯಾಟಲಾಗಿನಲ್ಲಿ ಮಿಕ್ಸಿಯೋ ಗಿಫ್ಟ್ ವೋಚರೋ ಕೊಂಡಾಗ 25 ಪೈಸೆಯಷ್ಟೇ ಗಿಟ್ಟುವುದಾದರೆ, ಟಿಕೆಟ್ಟೇ ವಾಸಿ. ಸರಕಿಗೆ ಪಾಯಿಂಟು ಕೊಡುವುದರಲ್ಲಿ ಸಾಮಾನ್ಯವಾಗಿ ನಷ್ಟವೇ ಹೆಚ್ಚು.

ಈ ಲೆಕ್ಕದಲ್ಲಿ ಒಂದು ಮೋಸದ ಸುಳಿಯಿದೆ. ಬಿಸಿನೆಸ್ ಕ್ಲಾಸಿನ ಟಿಕೆಟ್ಟಿಗೆ ಮೂರು ಲಕ್ಷ ಬೆಲೆ ಬರೆದಿರುವುದರಿಂದ, ಅದಕ್ಕೆ ಪಾಯಿಂಟು ಕೊಟ್ಟರೆ ಒಂದೊಂದಕ್ಕೂ ಎರಡು ಮೂರು ರೂಪಾಯಿ ಬಂದಂತೆ ತೋರುತ್ತದೆ. ಆದರೆ ಕೈಯಿಂದ ಮೂರು ಲಕ್ಷ ಬಿಚ್ಚಿ ಆ ಸೀಟು ಕೊಳ್ಳುವ ಮನಸ್ಸು ನಿಮಗೆ ಎಂದೂ ಇರದಿದ್ದರೆ, ಆ ಬೆಲೆ ಕಾಗದದ ಮೇಲಿನದು. ಪಾಯಿಂಟು ಇಲ್ಲದಿದ್ದರೆ ಯಾವ ಟಿಕೆಟ್ ಕೊಳ್ಳುತ್ತಿದ್ದಿರೋ ಅದರ ಬೆಲೆಯೇ ಸರಿಯಾದ ಅಳತೆಗೋಲು. ಮಲಗಿಕೊಂಡು ಹೋಗುವ ಸುಖ ಬೇಡವೆಂದಲ್ಲ. ಮಂಡಿನೋವಿನ ಅಪ್ಪನಿಗೆ ಹದಿನಾರು ಗಂಟೆಯ ಹಾರಾಟದಲ್ಲಿ ಅದು ನಿಜವಾದ ಬೆಲೆಯುಳ್ಳದ್ದೇ. ಅದನ್ನು ಸುಖದ ಲೆಕ್ಕದಲ್ಲಿ ಬರೆದುಕೊಂಡರೆ ಸಾಕು, ಉಳಿತಾಯದ ಲೆಕ್ಕದಲ್ಲಿ ಬೇಡ.

ಗಳಿಕೆ

ಬಡ್ಡಿಯ ವಿಷಯ ಮೊದಲು. ಭಾರತದಲ್ಲಿ ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಸುಮಾರು ಶೇ. 3.5ರಂತೆ, ಅಂದರೆ ವರ್ಷಕ್ಕೆ ನಲವತ್ತರ ಮೇಲೆ ಬಡ್ಡಿ ಬೀಳುವುದು ಸಾಮಾನ್ಯ. ಅದರ ಮೇಲೆ ಶೇ. 18ರ ಜಿಎಸ್‌ಟಿ. 50,000 ರೂಪಾಯಿ ಬಾಕಿಯನ್ನು ಒಂದು ತಿಂಗಳು ಎಳೆದರೆ ಬಡ್ಡಿ 1,750, ತೆರಿಗೆ 315, ಒಟ್ಟು 2,065 ರೂಪಾಯಿ. ಅದೇ 50,000ಕ್ಕೆ ನೂರಕ್ಕೆರಡರಂತೆ ಬಂದ 1,000 ಪಾಯಿಂಟಿಗೆ ಪಾಯಿಂಟಿಗೆ 50 ಪೈಸೆಯಂತೆ ಬೆಲೆ 500 ರೂಪಾಯಿ. ಬಿಲ್ಲಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವ 'ಮಿನಿಮಮ್ ಡ್ಯೂ' ಕಟ್ಟಿದರೆ ತಡ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಬಾಕಿ ಉಳಿದಿರುವಷ್ಟು ದಿನ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಲಾಗದ ಮನೆಗೆ ಮೈಲಿನ ಮಾತೇ ಬೇಡ.

ಪೂರ್ತಿ ಕಟ್ಟುವವರು ಕಾರ್ಡು ಆರಿಸುವಾಗ ನೋಡಬೇಕಾದ್ದು ತಮ್ಮ ಮನೆಯ ಖರ್ಚಿನ ಪಟ್ಟಿಯನ್ನು. ಶಾಲೆಯ ಫೀಸು, ವಿಮೆಯ ಕಂತು, ದಿನಸಿ, ಪೆಟ್ರೋಲು ಇವುಗಳಲ್ಲಿ ಯಾವುದು ದೊಡ್ಡದು ಎಂದು ಮೊದಲು ತಿಳಿಯಬೇಕು. ಬಾಡಿಗೆ, ಪೆಟ್ರೋಲು, ಸರ್ಕಾರಿ ಪಾವತಿಗಳಿಗೆ ಅನೇಕ ಕಾರ್ಡುಗಳು ಪಾಯಿಂಟು ಕೊಡುವುದಿಲ್ಲ. ವಾರ್ಷಿಕ ಶುಲ್ಕವನ್ನೂ ಜಿಎಸ್‌ಟಿಯನ್ನೂ ಕಳೆದ ಮೇಲೆ ಉಳಿಯುವುದೇ ನಿಜವಾದ ಲಾಭ. ಇಷ್ಟು ಲಕ್ಷ ಖರ್ಚು ಮಾಡಿದರೆ ಇಷ್ಟು ಸಾವಿರ ಪಾಯಿಂಟು ಎಂಬ ಗುರಿ ಮುಟ್ಟಲು ಬೇಡದ ಟಿವಿ ಕೊಂಡವರು ಗೆದ್ದದ್ದೇನೂ ಇಲ್ಲ. ಹೇಗೂ ಬರುವ ಮದುವೆ ಖರ್ಚನ್ನೋ ಮನೆ ರಿಪೇರಿಯನ್ನೋ ಆ ಗಡುವಿನೊಳಗೆ ಹೊಂದಿಸಿಕೊಂಡರೆ ಮಾತು ಬೇರೆ. ಮೈಲು ಕೂಡಿಸಲು ಒಂದೆರಡು ಯೋಜನೆ ಸಾಕು. ಏಳೆಂಟು ಕಡೆ ಎರಡೆರಡು ಸಾವಿರ ಚೆಲ್ಲಿದರೆ ಯಾವುದರಿಂದಲೂ ಒಂದು ಟಿಕೆಟ್ ಹುಟ್ಟುವುದಿಲ್ಲ.

ಖರ್ಚು

ಪಾಯಿಂಟಿಗೆ ಸಿಗುವ ಸೀಟುಗಳನ್ನು ವಿಮಾನ ಕಂಪನಿ ಎಣಿಸಿ ಬಿಡುತ್ತದೆ. ಅನೇಕ ಯೋಜನೆಗಳು ಪ್ರಯಾಣಕ್ಕೆ ಸುಮಾರು ಹನ್ನೊಂದು ತಿಂಗಳು ಮುಂಚೆ ಬುಕಿಂಗ್ ತೆರೆಯುತ್ತವೆ. ಅಮೆರಿಕದಲ್ಲಿರುವ ಕನ್ನಡಿಗರು ಊರಿಗೆ ಬರಬೇಕೆನ್ನುವುದು ಮಕ್ಕಳ ಶಾಲೆಗೆ ರಜೆಯಿರುವ ಜೂನ್, ಜುಲೈ, ಡಿಸೆಂಬರಿನಲ್ಲಿ. ಆಗಲೇ ಸೀಟು ಅಪರೂಪ. ಬಾಗಿಲು ತೆರೆದ ವಾರದಲ್ಲೇ ನೋಡುವುದು, ಇಲ್ಲವೆ ಹೊರಡುವ ಕೊನೆಯ ಎರಡು ವಾರದಲ್ಲಿ ಉಳಿದ ಸೀಟು ಹುಡುಕುವುದು, ಇವೆರಡೂ ಫಲ ಕೊಡುವ ದಾರಿಗಳು. ನಡುವಿನ ತಿಂಗಳುಗಳಲ್ಲಿ ಸಿಗುವುದು ಕಷ್ಟ.

ಮೈಲಿನ ಅತ್ಯಂತ ಸಾರ್ಥಕ ಬಳಕೆ ಬಾಣಂತನಕ್ಕೆ ಅಮ್ಮನನ್ನು ಕರೆಸಿಕೊಳ್ಳುವ ಟಿಕೆಟ್ಟು ಎನ್ನಬಹುದು. ಹೆರಿಗೆಯ ತಾರೀಖು ಮೊದಲೇ ಗೊತ್ತಿರುತ್ತದೆ, ಆದರೆ ಹಿಂದುಮುಂದಾಗುತ್ತದೆ. ಸ್ವಲ್ಪವೇ ಶುಲ್ಕ ಹಿಡಿದು ಮೈಲನ್ನು ಖಾತೆಗೆ ಹಿಂತಿರುಗಿಸುವ ಯೋಜನೆಗಳಲ್ಲಿ ತಾರೀಖು ಬದಲಿಸುವುದು ಹಣದ ಅಗ್ಗದ ಟಿಕೆಟ್ಟಿಗಿಂತ ಸಲೀಸು. ಇಂಥ ಪ್ರಯಾಣದಲ್ಲಿ ಪಾಯಿಂಟಿಗೆ ಎಷ್ಟು ಪೈಸೆ ಬಂತೆಂದು ನೋಡಬಾರದು. ಇಂಗ್ಲಿಷು ಅಷ್ಟಾಗಿ ಬಾರದ, ಗಾಲಿಕುರ್ಚಿ ಬೇಕಾದ ಹಿರಿಯರಿಗೆ ಎರಡು ಕಡೆ ವಿಮಾನ ಬದಲಿಸುವ ಅಗ್ಗದ ದಾರಿಗಿಂತ ಒಮ್ಮೆ ಮಾತ್ರ ಇಳಿಯುವ ದುಬಾರಿ ದಾರಿಯೇ ಸರಿ. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಬೇಕು. ಬೇರೆ ಬೇರೆ ಮಾಡಿಸಿದರೆ ಮೊದಲನೆಯದು ತಡವಾದಾಗ ಎರಡನೆಯ ಕಂಪನಿಗೆ ಹೊಣೆಯಿಲ್ಲ. ಯಾರಿಗೆ ಟಿಕೆಟ್ ಮಾಡಿಸಬಹುದೆಂಬ ನಿಯಮವನ್ನೂ ನೋಡಬೇಕು. ಬಹಳಷ್ಟು ಯೋಜನೆಗಳಲ್ಲಿ ಯಾರಿಗಾದರೂ ಮಾಡಿಸಬಹುದು, ಜಪಾನಿನ ಎಎನ್‌ಎಯಂಥವು ಹತ್ತಿರದ ಬಂಧುಗಳಿಗೆ ಮಾತ್ರ ಬಿಡುತ್ತವೆ.

ಬ್ಯಾಂಕಿನ ಪಾಯಿಂಟನ್ನು ವಿಮಾನದ ಮೈಲಾಗಿ ಬದಲಿಸುವುದು ಒಮ್ಮುಖದ ದಾರಿ, ಹೋದದ್ದು ಮರಳದು. ಆದ್ದರಿಂದ ಸೀಟು ಇದೆಯೆಂದು ಕಣ್ಣಾರೆ ನೋಡಿದ ಮೇಲೆ ಮಾತ್ರ ಬದಲಿಸಬೇಕು. ಬ್ಯಾಂಕಿನಲ್ಲಿರುವವರೆಗೆ ಪಾಯಿಂಟಿಗೆ ಹತ್ತು ಬಾಗಿಲು, ವರ್ಗವಾದ ಮೇಲೆ ಒಂದೇ. 'ಫ್ರೀ ಟಿಕೆಟ್' ಎಂಬ ಮಾತನ್ನೂ ನಂಬಬಾರದು. ನಿಲ್ದಾಣದ ಬಳಕೆದಾರರ ಶುಲ್ಕ, ಸರ್ಕಾರದ ತೆರಿಗೆ, ಕೆಲವು ಕಂಪನಿಗಳು ಹೇರುವ ಇಂಧನ ಸರ್‌ಚಾರ್ಜು ಸೇರಿ ಪಾಯಿಂಟಿನ ಟಿಕೆಟ್ಟಿಗೇ ಹತ್ತಾರು ಸಾವಿರ ಕಟ್ಟಬೇಕಾಗುವುದುಂಟು. ಲಂಡನ್ನಿನಿಂದ ಹೊರಡುವ ವಿಮಾನಗಳಲ್ಲಿ ಬ್ರಿಟನ್ನಿನ ಪ್ರಯಾಣಿಕ ತೆರಿಗೆಯೂ ಸೇರಿ ಇದು ಎದ್ದು ಕಾಣುತ್ತದೆ.

ಹೋಟೆಲ್ ಪಾಯಿಂಟಿಗೂ ಇದೇ ಲೆಕ್ಕ. ಮ್ಯಾರಿಯಟ್ ಬಾನ್ವಾಯ್‌ನಂಥ ಯೋಜನೆಯಲ್ಲಿ ನಾಲ್ಕು ರಾತ್ರಿಯ ಪಾಯಿಂಟಿಗೆ ಐದು ರಾತ್ರಿ ತಂಗಬಹುದು. ಅದೇ ಪಾಯಿಂಟನ್ನು ಮೈಲಾಗಿಸಿದರೆ ಮೂರಕ್ಕೊಂದು ಸಿಗುವುದರಿಂದ ಬಹುತೇಕ ಸೋಲು.

ಬೆಲೆ ಇಳಿತ, ಅವಧಿ, ಕಾನೂನು

ಪಾಯಿಂಟು ಬಂಗಾರದಂತೆ ಪೆಟ್ಟಿಗೆಯಲ್ಲಿಟ್ಟರೆ ಬೆಳೆಯುವ ಆಸ್ತಿಯಲ್ಲ, ಬಾಳೆಗೊನೆಯ ಹಾಗೆ. ಇಷ್ಟು ದೂರಕ್ಕೆ ಇಷ್ಟು ಮೈಲು ಎಂಬ ಪಟ್ಟಿಯನ್ನು ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ ಕೈಬಿಟ್ಟವು. ಈಗ ಅಲ್ಲಿ ದಿನಕ್ಕೊಂದು ದರ. ನಮ್ಮಲ್ಲಿ ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನ ಐದು ಪಾಯಿಂಟಿಗೆ ನಾಲ್ಕು ಮೈಲು ಸಿಗುತ್ತಿತ್ತು, 2023ರ ಸೆಪ್ಟೆಂಬರಿನಿಂದ ಎರಡು ಸಿಗುವಂತಾಯಿತು. ಕೂಡಿಟ್ಟವರ ಗಂಟು ಅರ್ಧವಾಯಿತು. ಅವಧಿಯ ಮಿತಿಯೂ ಇದೆ. ಸಿಂಗಪುರದ ಕ್ರಿಸ್‌ಫ್ಲೈಯರ್ ಮೈಲುಗಳು ಮೂರು ವರ್ಷಕ್ಕೆ ಮುಗಿಯುತ್ತವೆ, ಡೆಲ್ಟಾ ಮತ್ತು ಯುನೈಟೆಡ್‌ನವು ಮುಗಿಯುವುದಿಲ್ಲ.

ಕೋರ್ಟು ಕಾಪಾಡೀತು ಎಂಬ ನಂಬಿಕೆಗೆ ಆಧಾರ ಕಡಿಮೆ. ಎಎಡ್ವಾಂಟೇಜ್ ನಿಯಮ ಬದಲಾವಣೆಯ ವಿರುದ್ಧ ಹೂಡಿದ್ದ ವೋಲೆನ್ಸ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1995ರಲ್ಲಿ, ಕರಾರು ಮುರಿದರೆಂದು ದಾವೆ ಹೂಡಬಹುದು, ರಾಜ್ಯದ ಗ್ರಾಹಕ ಕಾನೂನಿನಡಿ ಆಗದು ಎಂದಿತು. ಪದೇ ಪದೇ ದೂರು ಕೊಟ್ಟರೆಂದು ನಾರ್ತ್‌ವೆಸ್ಟ್ ಕಂಪನಿ ಸದಸ್ಯತ್ವ ಕಿತ್ತುಕೊಂಡಿದ್ದ ಗಿನ್ಸ್‌ಬರ್ಗ್ ಎಂಬ ಯೆಹೂದಿ ಧರ್ಮಗುರು 2014ರಲ್ಲಿ ಅಲ್ಲಿಯೇ ಸೋತರು. ಯೋಜನೆಯ ಕರಾರುಗಳಲ್ಲಿ ಮೈಲು ಸದಸ್ಯರ ಆಸ್ತಿಯಲ್ಲ, ಅವರು ತೀರಿಕೊಂಡರೆ ರದ್ದು ಎಂಬ ಸಾಲು ಸಾಮಾನ್ಯ. ಕೆಲವು ಕಂಪನಿಗಳು ಮರಣ ಪತ್ರ ತೋರಿಸಿದರೆ ವಾರಸುದಾರರಿಗೆ ಬಿಟ್ಟುಕೊಡುತ್ತವೆ. ಮನೆಯಲ್ಲೊಬ್ಬರಿಗಾದರೂ ಖಾತೆಯ ವಿವರ ಗೊತ್ತಿರಬೇಕು.

ಮೋಸ

'ನಿಮ್ಮ 9,000 ರೂಪಾಯಿಯ ರಿವಾರ್ಡ್ ಪಾಯಿಂಟು ಇಂದೇ ಮುಗಿಯುತ್ತದೆ' ಎಂಬಂಥ ಸಂದೇಶಗಳು ವಾಟ್ಸಾಪಿಗೂ ಎಸ್ಸೆಮ್ಮೆಸ್ಸಿಗೂ ಬರುತ್ತಿವೆ. ಬ್ಯಾಂಕಿನ ಹೆಸರಿನಲ್ಲಿ ಎಪಿಕೆ ಫೈಲು ಕಳಿಸಿ, ಅದನ್ನು ಫೋನಿಗೆ ಹಾಕಿಕೊಂಡವರ ಓಟಿಪಿ ಕದ್ದು ಖಾತೆ ಬರಿದು ಮಾಡುವ ಜಾಲವಿದು. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಪಾಯಿಂಟಿನ ಹೆಸರಿನಲ್ಲಿ ಇಂಥ ಲಿಂಕು, ಫೈಲು ಕಳಿಸುವುದಿಲ್ಲವೆಂದು ಹೇಳಿದೆ. ಪಾಯಿಂಟು ಎಷ್ಟಿದೆಯೆಂದು ನೋಡಬೇಕಾದರೆ ಬ್ಯಾಂಕಿನ ಆ್ಯಪನ್ನು ನಾವೇ ತೆರೆದು ನೋಡಬೇಕು. ಮೋಸ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಕೈ ದಾಟುವ ಮುನ್ನ ತಡೆಯುವ ಸಾಧ್ಯತೆ ಇರುವುದು ಮೊದಲ ಗಂಟೆಗಳಲ್ಲೇ.

ಸಾರ್ವಜನಿಕ ಚರ್ಚೆ

ಕಚೇರಿಯ ಖರ್ಚಿನಲ್ಲಿ ಹಾರಿ ಗಳಿಸಿದ ಮೈಲು ಯಾರದು? ಜರ್ಮನಿಯಲ್ಲಿ 2002ರಲ್ಲಿ ಸರ್ಕಾರಿ ಪ್ರಯಾಣದ ಮೈಲನ್ನು ಸ್ವಂತ ಪ್ರವಾಸಕ್ಕೆ ಬಳಸಿದ ವಿಷಯ ಹೊರಬಿದ್ದು ಚೆಮ್ ಓಜ್ಡೆಮಿರ್, ಗ್ರೆಗರ್ ಗೀಸಿ ಎಂಬ ರಾಜಕಾರಣಿಗಳು ಹುದ್ದೆ ಬಿಟ್ಟರು. ಅಮೆರಿಕದ ತೆರಿಗೆ ಇಲಾಖೆ ಅದೇ ವರ್ಷ, ಇಂಥ ಮೈಲಿನ ಸ್ವಂತ ಬಳಕೆಗೆ ತೆರಿಗೆ ಕೇಳುವುದಿಲ್ಲ ಎಂದು ಪ್ರಕಟಿಸಿತು. ನಾರ್ವೆ ದೊಡ್ಡ ಕಂಪನಿಯ ಏಕಸ್ವಾಮ್ಯ ತಪ್ಪಿಸಲು 2002ರಿಂದ 2013ರವರೆಗೆ ದೇಶದೊಳಗಿನ ಹಾರಾಟಕ್ಕೆ ಪಾಯಿಂಟು ಕೊಡುವುದನ್ನೇ ನಿಷೇಧಿಸಿತ್ತು. ಹವಾಮಾನದ ದೃಷ್ಟಿಯಿಂದ ಎದ್ದಿರುವ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಬ್ರಿಟನ್ನಿನ ಹವಾಮಾನ ಬದಲಾವಣೆ ಸಮಿತಿಗಾಗಿ 2019ರಲ್ಲಿ ಸಿದ್ಧವಾದ ವರದಿಯೊಂದು, ಹೆಚ್ಚು ಹಾರಿದವರಿಗೆ ಯೋಜನೆ ಕೊಡುವ ಸದಸ್ಯತ್ವದ ದರ್ಜೆ ಉಳಿಸಿಕೊಳ್ಳಲೆಂದೇ ಜನ ಬೇಡದ ಹಾರಾಟ ಮಾಡುವಂತೆ ಮೈಲು ಯೋಜನೆಗಳು ಪ್ರೇರೇಪಿಸುತ್ತವೆ, ಅವುಗಳನ್ನು ನಿಷೇಧಿಸಬೇಕು, ಹೆಚ್ಚು ಹಾರುವವರ ಮೇಲೆ ಏರುತ್ತಹೋಗುವ ತೆರಿಗೆ ಹಾಕಬೇಕು ಎಂದು ಸಲಹೆ ಮಾಡಿತು. ವರ್ಷಾಂತ್ಯಕ್ಕೆ ಗೋಲ್ಡ್ ದರ್ಜೆಗೆ ಎರಡು ಹಾರಾಟ ಕಡಿಮೆಯಿದೆಯೆಂದು ಕೆಲಸವಿಲ್ಲದ ಊರಿಗೆ ಹೋಗಿಬರುವವರು ಇರುವುದು ನಿಜ. ಆ ದರ್ಜೆಯಿಂದ ಸಿಗುವುದು ಲೌಂಜಿನ ಊಟ, ಬೇಗ ಹತ್ತುವ ಸಾಲು, ಮತ್ತು ಸ್ಟಾರ್ ಅಲಯನ್ಸಿನಲ್ಲಾದರೆ ಇಪ್ಪತ್ತು ಕಿಲೋ ಅಥವಾ ಒಂದು ಪೆಟ್ಟಿಗೆ ಹೆಚ್ಚುವರಿ ಲಗೇಜು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಹೊತ್ತು ಹೊರಡುವ ನಮ್ಮವರಿಗೆ ಇವುಗಳಲ್ಲಿ ಕೊನೆಯದೊಂದೇ ಖಂಡಿತ ಉಪಯೋಗಕ್ಕೆ ಬರುವಂಥದು, ಮತ್ತು ಅದನ್ನು ಒಂದು ಪೆಟ್ಟಿಗೆಯ ಶುಲ್ಕ ಕಟ್ಟಿಯೂ ಪಡೆಯಬಹುದು.